ಬಿದ್ದ ವಿಮಾನದ ಚೂರು ಯಾರ ಸ್ವತ್ತು?

ಎರಡನೇ ಮಹಾಯುದ್ಧದಲ್ಲಿ ಉರುಳಿಬಿದ್ದ ವಿಮಾನಗಳ ಚೂರುಗಳಿಗೆ ಜಗತ್ತಿನಾದ್ಯಂತ ಗಿರಾಕಿಗಳಿದ್ದಾರೆ. ಸ್ಪಿಟ್‌ಫೈರ್‌ನ ಒಡೆದ ಡಯಲ್, ಬಾಂಬರ್‌ನ ಮೈತಗಡು, ಗುಂಡಿನ ಖಾಲಿ ತೋಟಾ ಎಲ್ಲವೂ ಹರಾಜಿಗೆ ಬರುತ್ತವೆ. ಕಾಡಿನಲ್ಲಿ ಹಾಳಾಗುವ ಬದಲು ಆಸಕ್ತರ ಕಪಾಟಿನಲ್ಲಿ ಜೋಪಾನವಾಗಿರಲಿ ಎಂಬುದು ಸಂಗ್ರಾಹಕರ ವಾದ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಎಲ್ಲಿ ಸಿಕ್ಕಿತು ಎಂಬ ದಾಖಲೆಯಿಲ್ಲದೆ ಎತ್ತಿ ತಂದ ಚೂರು ಇತಿಹಾಸವನ್ನು ಉಳಿಸುವುದಿಲ್ಲ, ಅಳಿಸುತ್ತದೆ.

ನಮ್ಮ ದೇಶದ್ದೇ ಉದಾಹರಣೆ ನೋಡಿ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದು ಚೀನಾಕ್ಕಿದ್ದ ರಸ್ತೆಯನ್ನು ಕಡಿದುಹಾಕಿತು. ಆಮೇಲೆ ಅಸ್ಸಾಮಿನ ಚಬುವಾ, ದಿಂಜಾನ್, ಮೋಹನಬಾರಿಗಳಿಂದ ಹಾರಿದ ವಿಮಾನಗಳು ಹಿಮಾಲಯದ ಪೂರ್ವದ ಅಂಚನ್ನು ದಾಟಿ ಕುನ್ಮಿಂಗ್‌ಗೆ ಪೆಟ್ರೋಲು, ಮದ್ದುಗುಂಡು ಹೊತ್ತವು. ಪೈಲಟ್‌ಗಳು ಆ ದಾರಿಯನ್ನು ‘ಹಂಪ್’ ಎಂದು ಕರೆದರು. ರೆಕ್ಕೆಗೆ ಕಟ್ಟುವ ಮಂಜುಗಡ್ಡೆ, ದಟ್ಟ ಮೋಡ, ದಿಕ್ಕು ತಪ್ಪಿಸುವ ಬಿರುಗಾಳಿಗೆ ಸಿಕ್ಕಿ 1945ರ ಹೊತ್ತಿಗೆ 600ರ ಆಸುಪಾಸು ವಿಮಾನಗಳು ನಾಶವಾದವು. ಸತ್ತವರು, ಕಾಣೆಯಾದವರು ಸೇರಿ 1,600ಕ್ಕೂ ಹೆಚ್ಚು ಮಂದಿ. ಅವುಗಳಲ್ಲಿ ಎಷ್ಟೋ ವಿಮಾನಗಳ ಅವಶೇಷ ಇಂದಿಗೂ ಅರುಣಾಚಲದ ಕಣಿವೆಗಳಲ್ಲಿದೆ.

ಅಂಥದ್ದೊಂದು ‘ಹಾಟ್ ಆ್ಯಸ್ ಹೆಲ್’ ಎಂಬ ಹೆಸರಿನ ಬಿ-24 ಬಾಂಬರ್. 1944ರ ಜನವರಿ 25ರಂದು ಕುನ್ಮಿಂಗ್‌ನಿಂದ ಚಬುವಾಕ್ಕೆ ಹೊರಟ ಅದು ತಲುಪಲೇ ಇಲ್ಲ. ಒಳಗೆ ಎಂಟು ಜನರಿದ್ದರು. 2006ರಲ್ಲಿ ದಮ್ರೋ ಗ್ರಾಮದ ಸಮೀಪ ಅವಶೇಷ ಪತ್ತೆಯಾಯಿತು. 2016ರಲ್ಲಿ ಅಸ್ಥಿಗಳು ಅಮೆರಿಕಕ್ಕೆ ಹೋದವು. ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಅವರ ಗುರುತು ಸಿಕ್ಕಿತು. ಮರುವರ್ಷ ಜಾರ್ಜಿಯಾ ರಾಜ್ಯದ ಹುಟ್ಟೂರಿನಲ್ಲಿ ಅವರ ಅಂತ್ಯಸಂಸ್ಕಾರವಾಯಿತು.

ಬಿದ್ದದ್ದು ಯಾವ ವಿಮಾನ ಎಂದು ಗುರುತಿಸುವುದು ಹೇಗೆ? ಕಾಣೆಯಾದ ವಿಮಾನಗಳ ಬಗ್ಗೆ ಅಮೆರಿಕದ ವಾಯುಪಡೆ ಬರೆದಿಟ್ಟ ವರದಿಗಳಲ್ಲಿ ಸಿಬ್ಬಂದಿಯ ಹೆಸರಿನ ಜೊತೆಗೆ ಎಂಜಿನ್ನುಗಳ ಸಂಖ್ಯೆ, ಮೆಷಿನ್‌ಗನ್ನುಗಳ ಸಂಖ್ಯೆಯೂ ಇರುತ್ತದೆ. ಬಾಲದ ಮೇಲಿನ ಅಂಕಿ ಮಾಸಿಹೋದಾಗ ಉಳಿಯುವ ಸುಳಿವು ಎಂಜಿನ್ನಿಗೆ ಬಡಿದ ಅಂಗೈಗಿಂತ ಚಿಕ್ಕ ತಗಡು, ಬಂದೂಕಿನ ಮೇಲೆ ಕೊರೆದ ನಾಲ್ಕಾರು ಅಂಕಿ. ಸಂಗ್ರಾಹಕರು ಮೊದಲು ಆಸೆಪಡುವುದೂ ಅವನ್ನೇ. ರಿವೆಟ್ ಕಿತ್ತು ಆ ತಗಡನ್ನು ಜೇಬಿಗಿಳಿಸಿದವರು ಎಂಟು ಮನೆಗಳಿಗೆ ಸಿಗಬೇಕಾಗಿದ್ದ ಉತ್ತರವನ್ನು ಕೊಂಡೊಯ್ದ ಹಾಗಾಯಿತು.

ಬ್ರಿಟನ್‌ಗೆ ಇದು ಬೇಗ ಅರ್ಥವಾಯಿತು. 1970ರ ದಶಕದಲ್ಲಿ ಹವ್ಯಾಸಿಗಳು ಹೊಲಗದ್ದೆ ಅಗೆಯುವಾಗ ವಿಮಾನದ ಜೊತೆ ಪೈಲಟ್‌ಗಳ ಅಸ್ಥಿಯೂ ಸಿಗತೊಡಗಿತು. 1986ರಲ್ಲಿ ಅಲ್ಲಿ ಕಾನೂನು ಬಂತು. ಸೇನಾ ವಿಮಾನ ಬಿದ್ದ ಜಾಗವನ್ನು ರಕ್ಷಣಾ ಸಚಿವಾಲಯದ ಪರವಾನಗಿಯಿಲ್ಲದೆ ಅಗೆಯುವಂತಿಲ್ಲ. ನಮ್ಮಲ್ಲಿ 1958ರ ಸ್ಮಾರಕ ಕಾಯ್ದೆಯೂ 1972ರ ಪ್ರಾಚ್ಯವಸ್ತು ಕಾಯ್ದೆಯೂ ಸಾಮಾನ್ಯವಾಗಿ ನೂರು ವರ್ಷ ತುಂಬಿದ್ದನ್ನಷ್ಟೇ ಕಾಯುತ್ತವೆ. 1942ರಲ್ಲಿ ಬಿದ್ದ ವಿಮಾನ ಈ ಕಾಯ್ದೆಗಳ ಆಸರೆ ಪಡೆಯಲು 2042ರವರೆಗೆ ಕಾಯಬೇಕು. ಅಷ್ಟರೊಳಗೆ ಉಳಿದಿರುವುದೆಷ್ಟು?

ವಿಮಾನದ ಅಲ್ಯೂಮಿನಿಯಂನಲ್ಲಿ ಪಾತ್ರೆ ಮಾಡಿಕೊಂಡ ಗುಡ್ಡಗಾಡಿನ ಜನರನ್ನು ದೂರುವುದು ಅನ್ಯಾಯ. ಅವರಲ್ಲಿ ಯಾರನ್ನೂ ಕೇಳದೆ ಅವರ ಕಾಡಿಗೆ ಬಂದು ಬಿದ್ದ ಲೋಹ ಅದು. ಅವಶೇಷದವರೆಗೆ ದಾರಿ ತೋರಿಸುತ್ತಿರುವವರೂ ಅವರೇ. ಅರುಣಾಚಲದ ಪಾಸಿಘಾಟ್‌ನಲ್ಲಿ 2023ರ ನವೆಂಬರ್‌ನಲ್ಲಿ ತೆರೆದ ‘ಹಂಪ್’ ವಸ್ತುಸಂಗ್ರಹಾಲಯ ಸರಿಯಾದ ಹೆಜ್ಜೆ. ವಸ್ತುಗಳು ಬಿದ್ದ ನೆಲದ ಹತ್ತಿರವೇ, ಅಲ್ಲಿನವರ ಸುಪರ್ದಿಯಲ್ಲಿ ಇರುವುದು ನ್ಯಾಯ.

ಈ ಕೆಲಸದಲ್ಲಿ ಬೆಂಗಳೂರಿಗೂ ಪಾಲಿದೆ. ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳು ದುರಸ್ತಿಗೆ ಬರುತ್ತಿದ್ದುದು ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಗೆಂದು ಬಿಟ್ಟುಹೋಗಿದ್ದ ಇದೇ ಬಿ-24 ಜಾತಿಯ ಲಿಬರೇಟರ್‌ಗಳನ್ನು ತಂದು, ಹಾರುವಂತೆ ಮಾಡಿದವರೂ ಇಲ್ಲಿನ ಕೆಲಸಗಾರರೇ. ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿದ್ದವು. ಚೂರೊಂದರ ಮೇಲಿನ ಸಂಖ್ಯೆ ಓದಿ ಅದು ಯಾವ ಭಾಗದ್ದು ಎಂದು ಹೇಳುವ ವಿದ್ಯೆ ಈ ಊರಿನ ಕಸುಬು. ಅದನ್ನು ಅರುಣಾಚಲದ ನೆರವಿಗೆ ಕಳಿಸಬೇಕು.

ಕೇಂದ್ರ ಸರ್ಕಾರ ಮಾಡಬೇಕಾದದ್ದು ಸ್ಪಷ್ಟ: ನೂರು ವರ್ಷದ ಷರತ್ತಿನಿಂದ ಯುದ್ಧವಿಮಾನ ಬಿದ್ದ ಜಾಗಗಳನ್ನು ಹೊರಗಿಟ್ಟು ರಕ್ಷಣೆ ಕೊಡಲಿ, ಹಳ್ಳಿಗರನ್ನು ಗೌರವಧನ ಕೊಟ್ಟು ಕಾವಲಿಗೆ ನೇಮಿಸಲಿ. ಸಂಗ್ರಾಹಕರು ಏನನ್ನೂ ಮುಟ್ಟುವ ಮೊದಲು ಫೋಟೊ ತೆಗೆಯಲಿ, ಜಾಗ ಮತ್ತು ಸಂಖ್ಯೆ ಬರೆದುಕೊಂಡು ಜಿಲ್ಲಾಡಳಿತಕ್ಕೆ ಕೊಡಲಿ. ಮೂಳೆಯ ತುಣುಕು ಕಂಡರೆ ಅಲ್ಲಿಗೇ ನಿಲ್ಲಿಸಲಿ. ಕಾಣೆಯಾದವರ ಮನೆಯವರ ಹಕ್ಕು ಮೊದಲು, ನಮ್ಮ ಸಂಗ್ರಹದ ಆಸೆ ಆಮೇಲೆ.