ಚೇಂಬರಿನ ತಳದಲ್ಲಿ ಉಳಿಯುವ ಎಣ್ಣೆ

ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ನೀಡಬಾರದೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿಯು 2011ರಲ್ಲಿ ಅಭಿಪ್ರಾಯಪಟ್ಟಿತು. ಆ ಹೊಳೆಯನ್ನು ಉಳಿಸಬೇಕೆಂದು ಮಲೆನಾಡಿನ ಜನ ವರ್ಷಗಟ್ಟಲೆ ದನಿಯೆತ್ತಿದರು. ಆದರೆ ಅದೇ ಹೊಳೆಗೆ ರಸ್ತೆಬದಿಯಿಂದ ದಿನವೂ ಇಳಿಯುವ ಸಣ್ಣ ವಿಷದ ಬಗೆಗೆ ಮಾತು ಕೇಳಿಬರುವುದು ಅಪರೂಪ.

ಶಿರಾಡಿ ಘಾಟಿಯಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ಮಗ್ಗುಲಲ್ಲಿಯೇ ಕೆಂಪುಹೊಳೆ ಹರಿಯುತ್ತದೆ. ಮಂಗಳೂರಿನ ಬಂದರಿಗೆ ಹೋಗಿಬರುವ ಲಾರಿಗಳಿಗೆ ಇದು ಮುಖ್ಯ ದಾರಿ. ಕೆಂಪುಹೊಳೆಯ ನೀರು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಯನ್ನು ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮುಂದೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರು ನಗರ ಕುಡಿಯುವ ನೀರನ್ನು ಪಡೆಯುತ್ತದೆ. ಘಾಟಿಯ ಚರಂಡಿಗೆ ಚೆಲ್ಲಿದ್ದು ಘಾಟಿಯಲ್ಲಿಯೇ ಉಳಿಯುವುದಿಲ್ಲ.

ಎಂಜಿನ್ನಿನ ತಳದಲ್ಲಿ ಎಣ್ಣೆಯನ್ನು ಹಿಡಿದಿಡುವ ಲೋಹದ ತೊಟ್ಟಿಗೆ ಆಯಿಲ್ ಪ್ಯಾನ್ ಎಂದು ಹೆಸರು. ಗ್ಯಾರೇಜಿನ ಮಾತಿನಲ್ಲಿ ಅದು ಚೇಂಬರ್. ಹಾಳಾದ ರಸ್ತೆಯ ಕಲ್ಲು ತಗುಲಿ ಅದು ಸೀಳುತ್ತದೆ, ಗ್ಯಾಸ್ಕೆಟ್ ಹಳತಾಗಿ ಸೋರುತ್ತದೆ, ಡ್ರೈನ್ ಬೋಲ್ಟಿನ ಮರೆ ಸವೆಯುತ್ತದೆ. ಎಂಜಿನ್ನನ್ನೇ ಹೊರತೆಗೆಯಲು ಕ್ರೇನ್ ಬೇಕು. ಅದಕ್ಕೆ ಹಣವೂ ದಿನಗಳೂ ಬೇಕು. ಆದ್ದರಿಂದ ಎಂಜಿನ್ ಲಾರಿಯಲ್ಲಿರುವಂತೆಯೇ ಚೇಂಬರನ್ನು ಕಳಚುವುದು ರೂಢಿ. ಚಕ್ರಗಳಿಗೆ ಅಡೆ ಕೊಟ್ಟು, ಜಾಕನ್ನು ಮಾತ್ರ ನಂಬದೆ ಗಟ್ಟಿಯಾದ ಆಧಾರವಿರಿಸಿ, ಎಣ್ಣೆ ಇಳಿಸಿ, ಸುತ್ತಲಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಬೇಕು. ಅಡ್ಡತೊಲೆ ಅಡ್ಡಬಂದರೆ ಎಂಜಿನ್ ಮೌಂಟಿಂಗ್ ಸಡಿಲಿಸಿ ಎಂಜಿನ್ನನ್ನು ಕೆಲವು ಅಂಗುಲ ಎತ್ತಬೇಕು. ಇದು ಕಸುಬು ಬಲ್ಲವರ ಕೆಲಸ.

ಡ್ರೈನ್ ಬೋಲ್ಟ್ ಬಿಚ್ಚುವಾಗ ಕೆಳಗೆ ಬಕೆಟ್ ಇರುತ್ತದೆ, ಏಕೆಂದರೆ ಹಳೆಯ ಎಣ್ಣೆಗೆ ಬೆಲೆಯಿದೆ. ಆದರೆ ಆ ರಂಧ್ರದಿಂದ ಎಲ್ಲವೂ ಇಳಿಯುವುದಿಲ್ಲ. ಲಾರಿ ಇಳಿಜಾರಿನಲ್ಲಿ ನಿಂತಿದ್ದರೆ ಒಂದು ಮೂಲೆಯಲ್ಲಿ ಎಣ್ಣೆ ನಿಲ್ಲುತ್ತದೆ. ತಳದಲ್ಲಿ ಕಪ್ಪು ಗಷ್ಟು ಕುಳಿತಿರುತ್ತದೆ. ಕೊನೆಯ ಬೋಲ್ಟ್ ಬಿಚ್ಚಿದಾಗ ಚೇಂಬರ್ ವಾಲಿ ಅದು ನೆಲಕ್ಕೆ ಚೆಲ್ಲುತ್ತದೆ. ಕ್ರ್ಯಾಂಕ್ ಶಾಫ್ಟಿನಿಂದ ಗಂಟೆಗಟ್ಟಲೆ ಹನಿ ಬೀಳುತ್ತಲೇ ಇರುತ್ತದೆ. ಬಳಿಕ ಚೇಂಬರನ್ನೂ ಜಾಲರಿಯನ್ನೂ ಡೀಸೆಲ್ಲಿನಲ್ಲಿ ತೊಳೆದು, ಆ ಕರಿನೀರನ್ನು ಚರಂಡಿಗೆ ಸುರಿದರೆ ಕೆಲಸ ಮುಗಿಯಿತು. ಮಾರಲು ಬರುವುದು ಡ್ರಮ್ಮಿಗೆ, ಮಾರಲು ಬಾರದ್ದು ಹೊಳೆಗೆ.

ಹೊಳೆಗೆ ಹೋಗುವುದು ಸಾಮಾನ್ಯ ಎಣ್ಣೆಯಲ್ಲ. ಎಂಜಿನ್ನಿನಲ್ಲಿ ಸವೆದ ಕಬ್ಬಿಣ, ತಾಮ್ರಗಳ ಕಣಗಳು ಅದರಲ್ಲಿರುತ್ತವೆ. ಎಣ್ಣೆಗೆ ಬೆರೆಸಿದ ಸತುವಿನ ಸಂಯುಕ್ತಗಳಿರುತ್ತವೆ. ಇಂಧನ ಉರಿದಾಗ ಹುಟ್ಟುವ, ಬೆಂಜೋಪೈರೀನಿನಂತಹ ಕ್ಯಾನ್ಸರ್‌ಕಾರಕಗಳಿರುತ್ತವೆ. ನೀರಿನ ಮೇಲೆ ಹರಡುವ ಪೊರೆ ಗಾಳಿಯ ಆಮ್ಲಜನಕವನ್ನು ತಡೆಯುತ್ತದೆ. ಚರ್ಮದಿಂದಲೂ ಉಸಿರಾಡುವ ಕಪ್ಪೆಗಳಿಗೆ, ಮೀನಿನ ಕಿವಿರುಗಳಿಗೆ, ಕಲ್ಲಿನಡಿಯ ಹುಳುಗಳಿಗೆ ಇದು ಉರುಳು. ಒಂದು ಗ್ಯಾಲನ್ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಈ ವಿಷ ಮೊದಲು ಸೇರುವುದು ಬರಿಗೈಯಲ್ಲಿ ದುಡಿಯುವ ಮೆಕ್ಯಾನಿಕನ ಚರ್ಮವನ್ನೇ.

ಕಾನೂನು ಇಲ್ಲವೆಂದಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ. 2023ರ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆ ತಯಾರಕರ ಮೇಲೂ ಬಿದ್ದಿದೆ. ಆದರೆ ಆ ಲೆಕ್ಕಕ್ಕೆ ಸಿಗುವುದು ಡ್ರಮ್ಮಿಗೆ ಬಿದ್ದ ಎಣ್ಣೆ ಮಾತ್ರ. ಚೇಂಬರಿನ ಗಷ್ಟಿಗೆ ಬೆಲೆಯೂ ಇಲ್ಲ, ಲೆಕ್ಕವೂ ಇಲ್ಲ.

ಹಾಗಾದರೆ ಘಾಟಿಯ ದಾರಿಯಲ್ಲಿ ಗ್ಯಾರೇಜುಗಳೇ ಬೇಡವೆನ್ನುವುದು ಸರಿಯೆ? ಎಣ್ಣೆ ಬರಿದಾದ ಎಂಜಿನ್ ಓಡಿದರೆ ಹಿಡಿದುಕೊಳ್ಳುತ್ತದೆ. ಗ್ಯಾರೇಜು ದೂರವಾದಷ್ಟೂ ಲಾರಿ ದಾರಿಯುದ್ದಕ್ಕೂ ಸೋರುತ್ತ ಸಾಗುತ್ತದೆ. ಮೆಕ್ಯಾನಿಕನನ್ನು ಓಡಿಸಿದರೆ ಹೊಳೆ ಉಳಿಯದು. ಬೇಕಾದುದು ಅವನ ಕೆಲಸಕ್ಕೆ ತಕ್ಕ ಏರ್ಪಾಡು. ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಣ್ಣೆ ಬೆಚ್ಚಗಿರುವಾಗಲೇ ಬೋಲ್ಟ್ ತೆಗೆದು, ಸಾಕಷ್ಟು ಹೊತ್ತು ಇಳಿಯಬಿಡಬೇಕು. ಚೇಂಬರಿಗಿಂತ ಅಗಲವಾದ ತಟ್ಟೆಯೊಂದು ಕೆಳಗಿರಬೇಕು. ಹಳೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಅದು ಸಿದ್ಧ. ತೊಳೆದ ಡೀಸೆಲ್ಲನ್ನು ತಿಳಿಯಾಗಲು ಬಿಟ್ಟರೆ ಮೇಲಿನದು ಮತ್ತೆ ತೊಳೆಯಲು ಒದಗುತ್ತದೆ. ಉಳಿದ ಗಷ್ಟು, ಎಣ್ಣೆ ಹೀರಿದ ಮರದ ಹೊಟ್ಟು ಮುಚ್ಚಳವಿರುವ ಡ್ರಮ್ಮಿಗೆ ಸೇರಬೇಕು.

ಆ ಡ್ರಮ್ಮಿಗೆ ಮಳೆ ಬೀಳದ ಸೂರನ್ನೂ ಸುತ್ತ ಕಟ್ಟೆಯುಳ್ಳ ಸಿಮೆಂಟ್ ನೆಲವನ್ನೂ ಗ್ರಾಮ ಪಂಚಾಯಿತಿ ಒದಗಿಸಬೇಕು. ಅಧಿಕೃತ ಸಂಗ್ರಾಹಕರು ತಪ್ಪದೆ ಬರುವಂತೆ ಮಾಡುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕರ್ತವ್ಯ. ಗಾಡಿಯನ್ನು ಬೇಗ ಬಿಡಿಸೆಂದು ಚಾಲಕನನ್ನು ಅವಸರಪಡಿಸುವ ಲಾರಿ ಮಾಲೀಕರೂ ಇದರಲ್ಲಿ ಪಾಲುದಾರರು: ಎಣ್ಣೆ ಇಳಿಯಲು ಬೇಕಾದ ಹೊತ್ತಿಗೆ ಕೂಲಿ ಕೊಡಬೇಕಾದವರು ಅವರೇ.

ಹಳ್ಳಿಗರ ಪಾಲೂ ಇದೆ. ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೂ ಮನೆಯ ಜಂತಿಗೂ ಬಳಿಯುವುದು ಇದೇ ಕರಿ ಎಣ್ಣೆಯನ್ನು. ಮಳೆಗೆ ತೊಳೆದು ಅದು ಇಳಿಯುವುದು ತೋಟದ ಮಣ್ಣಿಗೆ, ಬಾವಿಯ ಬುಡಕ್ಕೆ. ಮೊದಲ ಮಳೆಯ ವಾರ ತಮ್ಮೂರಿನ ಯಾವ ಚರಂಡಿಯಲ್ಲಿ ಬಣ್ಣದ ಪೊರೆ ತೇಲುತ್ತದೆಂಬುದನ್ನು ವಿದ್ಯಾರ್ಥಿಗಳು ಗುರುತಿಸಿ ನಕ್ಷೆ ಮಾಡಬಹುದು. ಆ ನಕ್ಷೆಯೊಡನೆ ಗ್ರಾಮಸಭೆಗೆ ಹೋಗುವಾಗ ಮೆಕ್ಯಾನಿಕರೂ ಜೊತೆಗಿರಲಿ, ಆರೋಪಿಗಳಾಗಿ ಅಲ್ಲ, ಕೆಲಸದ ಒಳಹೊರಗನ್ನು ಬಲ್ಲವರಾಗಿ. ಸೂರು, ಸಿಮೆಂಟ್ ನೆಲ, ಡ್ರಮ್ಮು: ಮಳೆಗಾಲಕ್ಕೆ ಮುಂಚೆ ಕೇಳಿ ಪಡೆಯಬೇಕಾದದ್ದು ಇಷ್ಟೇ.