ದಯೆಯ ಹೆಸರಿನ ಪ್ರಮಾದ

ಸಾಕಿದ ನಾಯಿಗೆಂದು ಶ್ರಾವಕರ ಅಡುಗೆಮನೆಗಳಲ್ಲಿ ತಿನಿಸು ಸಿದ್ಧವಾಗುತ್ತಿರುವುದು ಸಂತೋಷದ ಸಂಗತಿ. ಅಂಗಡಿಯ ಪೊಟ್ಟಣಗಳಲ್ಲಿ ಹಲವು ಮಾಂಸದಿಂದ ಕೂಡಿರುವಾಗ ಅದು ಉಚಿತವೂ ಹೌದು. ಆದರೆ ಮಾಂಸವಿಲ್ಲದ ಮಾತ್ರಕ್ಕೆ ತಿನಿಸು ಅಹಿಂಸೆಯಾಗಿಬಿಡುವುದೇ?

ಪರ್ವದಿನದಲ್ಲಿ ಉಳಿದ ಒಣದ್ರಾಕ್ಷಿಯ ಲಾಡನ್ನು, ಮಕ್ಕಳ ಚಾಕೊಲೇಟನ್ನು ಪ್ರೀತಿಯಿಂದಲೇ ನಾಯಿಯ ಮುಂದಿಡುವವರಿದ್ದಾರೆ. ದ್ರಾಕ್ಷಿಯು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಹೃದಯದ ಬಡಿತವನ್ನು ತಪ್ಪಿಸಬಲ್ಲದು. ಸಕ್ಕರೆಗೆ ಬದಲಾಗಿ ಬಳಸುವ ಕ್ಸೈಲಿಟಾಲ್ ಪ್ರಾಣವನ್ನೇ ತೆಗೆಯಬಲ್ಲದು. ‘ತಿಳಿಯದೆ ಕೊಟ್ಟೆವು’ ಎಂಬುದು ಸಮಾಧಾನವಾಗದು. ತಿಳಿಯಲು ಯತ್ನಿಸದಿರುವುದೇ ಪ್ರಮಾದ. ಪ್ರಮಾದದಿಂದಾಗುವ ಪ್ರಾಣಘಾತವನ್ನೇ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯೆಂದು ನಿರೂಪಿಸಿದೆ.

ಪಿಷ್ಟವನ್ನು ಅರಗಿಸುವ ಶಕ್ತಿ ತೋಳಕ್ಕಿಂತ ನಾಯಿಗೆ ಹೆಚ್ಚೆಂದು 2013ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆ ತೋರಿಸಿದೆ. ಆದುದರಿಂದ ರಾಗಿಹಿಟ್ಟಿಗೆ ಬೆಂದ ಸಿಹಿಗುಂಬಳ ಬೆರೆಸಿ, ಸೋಸಿದ ನೀರಿನಲ್ಲಿ ಕಲಸಿ, ಉಪ್ಪು, ಸಕ್ಕರೆ, ಜೇನುಗಳಿಲ್ಲದೆ ಹಂಚಿನ ಮೇಲೆ ಬೇಯಿಸಿದರೆ ಸಾಕು. ಅಂಥ ತಿನಿಸೂ ನಾಯಿಯ ದಿನದ ಆಹಾರಶಕ್ತಿಯಲ್ಲಿ ಶೇಕಡಾ 10ನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ.

ಬಸದಿಗಳ ಆಡಳಿತ ಮಂಡಳಿಗಳೂ ಉಳಿದ ಸಿಹಿಯನ್ನು ಬೀದಿನಾಯಿಗಳಿಗೆ ಸುರಿಸುವ ಮುನ್ನ ಅದರಲ್ಲೇನಿದೆಯೆಂದು ಪರೀಕ್ಷಿಸಲಿ. ಹಸಿದ ಜೀವವು ವಿಷವನ್ನೂ ಬಾಲವಾಡಿಸಿಯೇ ತಿನ್ನುತ್ತದೆ. ವಿವೇಕವಿರಬೇಕಾದುದು ಕೊಡುವ ಕೈಗೆ.