ಕಿಸೆಯ ಕ್ಯಾಮೆರಾದ ಉದಯಾಸ್ತ

ಯಂತ್ರಗಳಿಗೂ ಆಯುಸ್ಸೆಂಬುದುಂಟು. ಬೀಸುವ ಕಲ್ಲು ತಲೆತಲಾಂತರ ಬಾಳಿತು. ರೇಡಿಯೊ ಪೆಟ್ಟಿಗೆ ಒಂದೆರಡು ತಲೆಮಾರುಗಳ ಕಾಲ ಮನೆಯ ಹಿರಿಯನಂತೆ ಮಾತನಾಡಿತು. ಆದರೆ ಅಂಗಿಯ ಕಿಸೆಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿದ್ದು, ಚಲಿಸುವ ಚಿತ್ರವನ್ನು ಧ್ವನಿಸಹಿತ ಸೆರೆಹಿಡಿಯುವುದೊಂದನ್ನೇ ಬಲ್ಲ ಸರಳ ವಿಡಿಯೊ ಕ್ಯಾಮೆರಾ ಮಾತ್ರ ಐದಾರು ವರ್ಷಗಳ ಅವಧಿಯಲ್ಲಿಯೇ ಉದಯ, ಮಧ್ಯಾಹ್ನ, ಅಸ್ತಮಾನ ಮೂರನ್ನೂ ಕಂಡು ಮರೆಯಾಯಿತು. ಅದರ ಕಥೆ ವ್ಯಾಪಾರಿಗಳಿಗೆ ಮಾತ್ರ ಸಂಬಂಧಪಟ್ಟದ್ದೆಂದು ಬದಿಗೆ ಸರಿಸುವಂತಿಲ್ಲ. ಪರನಾಡಿನಲ್ಲಿ ನೆಲೆಸಿದ ಕನ್ನಡ ಮನೆತನಗಳಿಗೆ ಅದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ.

ಪುಣೆಯ ದಕ್ಷಿಣ ಭಾಗದ ಬಿಬವೇವಾಡಿಯಲ್ಲಿ ಇರಬಹುದಾದ ಒಂದು ಕನ್ನಡ ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಉದ್ಯೋಗನಿಮಿತ್ತ ವಿಜಯಪುರದ ಕಡೆಯಿಂದ ಬಂದ ದಂಪತಿಗಳು ಅಲ್ಲಿ ಮನೆ ಕೊಂಡರು. ಮಕ್ಕಳು ಓದಿ ಅಮೆರಿಕಕ್ಕೆ ಹೋದರು. 2009ರಲ್ಲೋ 2010ರಲ್ಲೋ ರಜೆಗೆ ಬಂದ ಮಗ ಕೈಯಗಲದ ಒಂದು ಕ್ಯಾಮೆರಾವನ್ನು ತಂದ. ಊರಿನಿಂದ ಬಂದಿದ್ದ ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ಬೀಸುವ ಪದಗಳನ್ನು ಹಾಡಿಸಿದರು. ಅವಳು ತವರಿನ ಕಥೆಯನ್ನೂ ಹೇಳಿದಳು. ಅದೇ ಸಂಜೆ ಎಲ್ಲರೂ ಒಮ್ಮೆ ನೋಡಿ ನಕ್ಕು, ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟರು. ಅಜ್ಜಿ ಈಗ ಇಲ್ಲ. ಕ್ಯಾಮೆರಾ ಇನ್ನೂ ಅಲ್ಲಿಯೇ ಇದೆ, ಹಳೆಯ ಕನ್ನಡಕ ಮತ್ತು ಬೀಗವಿಲ್ಲದ ಕೀಲಿಕೈಗಳ ನಡುವೆ. ಅದರೊಳಗಿನ ದನಿ ಇಂದಿಗೂ ಉಳಿದಿದೆಯೇ ಎಂದು ಯಾರೂ ನೋಡಿಲ್ಲ. ಮನೆ ಕಲ್ಪಿತವಾದರೂ ಇಂತಹ ಕಪಾಟುಗಳು ಕಲ್ಪಿತವಲ್ಲ.

ಗೃಹಸ್ಥನು ತನ್ನ ಮನೆಯ ಚಲನಚಿತ್ರವನ್ನು ತಾನೇ ತೆಗೆಯಬೇಕೆಂಬ ಆಸೆ ಹಳೆಯದು. 1965ರಲ್ಲಿ ಕೊಡಾಕ್ ಸಂಸ್ಥೆ ಸೂಪರ್ 8 ಎಂಬ ಫಿಲ್ಮನ್ನು ಹೊರತಂದಿತು. ಒಂದು ಸುರುಳಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷಗಳ ಚಿತ್ರ; ಅದನ್ನು ತೊಳೆಸಲು ಕಳುಹಿಸಿ ವಾರಗಟ್ಟಲೆ ಕಾಯಬೇಕಿತ್ತು. 1983ರಲ್ಲಿ ಸೋನಿ ಸಂಸ್ಥೆಯ ಬೀಟಾಮೂವಿ ಬಂದಾಗ ಕ್ಯಾಮೆರಾ ಮತ್ತು ಟೇಪು ಒಂದೇ ಪೆಟ್ಟಿಗೆಯಲ್ಲಿ ಸೇರಿದವು. ಆದರೆ ಆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊರಬೇಕಾಗಿತ್ತು. ಮುಂದೆ ಯಂತ್ರ ಕಿರಿದಾಯಿತು, ಗುಂಡಿಗಳು ಮಾತ್ರ ಹೆಚ್ಚಿದವು. ಕೈಪಿಡಿಯನ್ನು ಓದದೆ ಅದನ್ನು ಮುಟ್ಟುವಂತಿರಲಿಲ್ಲ. ಆದುದರಿಂದ ಮದುವೆ ಮುಂಜಿಗಳ ಚಿತ್ರ ತೆಗೆಯುವ ಕೆಲಸ ಬಾಡಿಗೆಯ ವೃತ್ತಿಗಾರರ ಪಾಲಾಯಿತು. ಮನೆಯ ಹೆಂಗಸರು, ಮಕ್ಕಳು ಮತ್ತು ವೃದ್ಧರು ಚಿತ್ರದಲ್ಲಿ ಕಾಣಿಸಿಕೊಳ್ಳುವವರಾಗಿಯೇ ಉಳಿದರು, ತೆಗೆಯುವವರಾಗಲಿಲ್ಲ.

ಈ ಗಂಟನ್ನು ಬಿಚ್ಚಿದ ಶ್ರೇಯಸ್ಸು ಸ್ಯಾನ್ ಫ್ರಾನ್ಸಿಸ್ಕೊ ನಗರದ ಪ್ಯೂರ್ ಡಿಜಿಟಲ್ ಟೆಕ್ನಾಲಜೀಸ್ ಎಂಬ ಚಿಕ್ಕ ಸಂಸ್ಥೆಗೆ ಸಲ್ಲಬೇಕು. 2005ರಲ್ಲಿ ಅದು ಔಷಧದಂಗಡಿಗಳ ಮೂಲಕ ಒಂದೇ ಬಾರಿ ಬಳಸುವ ವಿಡಿಯೊ ಕ್ಯಾಮೆರಾವನ್ನು ಮಾರಿತು. 20 ನಿಮಿಷಗಳ ಚಿತ್ರ ತುಂಬಿದ ಮೇಲೆ ಅಂಗಡಿಗೆ ಹಿಂದಿರುಗಿಸಿದರೆ ಒಂದು ಡಿವಿಡಿ ಕೈಗೆ ಬರುತ್ತಿತ್ತು. ಈ ಅನುಭವದಿಂದ ಕಲಿತ ಸಂಸ್ಥೆ 2007ರಲ್ಲಿ ಫ್ಲಿಪ್ ಎಂಬ ಹೆಸರಿನ ಕ್ಯಾಮೆರಾವನ್ನು ಪೇಟೆಗಿಳಿಸಿತು. ಅದರ ಬೆನ್ನಿನ ಮೇಲೆ ಒಂದು ದೊಡ್ಡ ಕೆಂಪು ಗುಂಡಿ. ಒತ್ತಿದರೆ ಚಿತ್ರ ಆರಂಭ, ಮತ್ತೆ ಒತ್ತಿದರೆ ಮುಕ್ತಾಯ. ಟೇಪಿಲ್ಲ, ತಂತಿಯಿಲ್ಲ. ಪಕ್ಕದಿಂದ ಚಿಮ್ಮಿ ಹೊರಬರುವ ಯುಎಸ್‌ಬಿ ತೋಳನ್ನು ಕಂಪ್ಯೂಟರಿಗೆ ಚುಚ್ಚಿದರಾಯಿತು, ಚಿತ್ರವನ್ನು ತೋರಿಸುವ ತಂತ್ರಾಂಶವೂ ಕ್ಯಾಮೆರಾದೊಳಗೇ ಇರುತ್ತಿತ್ತು. ಅದೇ ವರ್ಷದ ಫ್ಲಿಪ್ ಅಲ್ಟ್ರಾ ಮಾದರಿಯಲ್ಲಿ ಪೆನ್ಸಿಲ್ ಸೆಲ್ಲು ಎರಡಿದ್ದರೆ ಸಾಕು. 2 ಗಿಗಾಬೈಟುಗಳ ಸ್ಮೃತಿಕೋಶದಲ್ಲಿ 60 ನಿಮಿಷಗಳ ಚಿತ್ರ ಹಿಡಿಸುತ್ತಿತ್ತು.

ತಜ್ಞರು ಮೂಗು ಮುರಿದರು. ಮಸೂರ ಸಾಮಾನ್ಯದ್ದು, ದೂರದ್ದನ್ನು ಹತ್ತಿರ ತರುವ ಶಕ್ತಿ ಅತ್ಯಲ್ಪ, ಚಿತ್ರದ ಸೂಕ್ಷ್ಮತೆ ಸಾಧಾರಣ ಎಂಬ ಆಕ್ಷೇಪಗಳೆಲ್ಲವೂ ನಿಜವೇ. ಆದರೆ ಜನರು ಕೊಂಡರು. ಎರಡೇ ವರ್ಷಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಕ್ಯಾಮೆರಾಗಳು ಮಾರಾಟವಾದವು. ಕೊಡಾಕ್, ಸೋನಿಯಂತಹ ಹಿರಿಯ ಸಂಸ್ಥೆಗಳೂ ಇದೇ ಬಗೆಯ ಕಿಸೆಯ ಕ್ಯಾಮೆರಾಗಳನ್ನು ತಯಾರಿಸತೊಡಗಿದವು. ಕೈ ನಡುಗುವ ಅಜ್ಜನೂ, ಕನ್ನಡಕವನ್ನು ಎಲ್ಲಿಯೋ ಮರೆತ ಅಜ್ಜಿಯೂ ಯಾರ ಸಹಾಯವೂ ಇಲ್ಲದೆ ಒತ್ತಬಹುದಾದ ಗುಂಡಿ ಅದಾಗಿತ್ತೆಂಬುದೇ ಆ ಯಶಸ್ಸಿನ ಗುಟ್ಟು. ಅಲ್ಪ ಗುಣಗಳ ಯಂತ್ರವೊಂದು ಅಧಿಕ ಗುಣಗಳ ಯಂತ್ರಗಳನ್ನು ಸೋಲಿಸಿದ ಅಪರೂಪದ ಪ್ರಸಂಗವಿದು.

2009ರ ಮಾರ್ಚ್ ತಿಂಗಳಿನಲ್ಲಿ ಸಿಸ್ಕೊ ಸಂಸ್ಥೆ ಈ ಉದ್ಯಮವನ್ನು ಸುಮಾರು 59 ಕೋಟಿ ಡಾಲರುಗಳ ಮೌಲ್ಯದ ತನ್ನ ಷೇರುಗಳನ್ನು ತೆತ್ತು ಕೊಳ್ಳುವುದಾಗಿ ಸಾರಿತು. ಬೆಂಗಳೂರಿನಲ್ಲಿ ದೊಡ್ಡ ಕಾರ್ಯಾಲಯವನ್ನು ಹೊಂದಿರುವ ಈ ಸಂಸ್ಥೆ ಕನ್ನಡಿಗರಿಗೆ ಅಪರಿಚಿತವೇನಲ್ಲ. ಆದರೆ ಅದರ ಕಸುಬು ಕಚೇರಿಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಉಪಕರಣಗಳದ್ದು. ಅಡುಗೆಮನೆಯ ನಗುವನ್ನು ಸೆರೆಹಿಡಿಯುವ ಆಟಿಕೆಯಂತಹ ವಸ್ತುವಿನದ್ದಲ್ಲ. ಅದೇ ವರ್ಷದ ಜೂನ್‌ನಲ್ಲಿ ಬಂದ ಐಫೋನ್ 3ಜಿಎಸ್ ದೂರವಾಣಿಗೆ ವಿಡಿಯೊ ತೆಗೆಯುವ ಶಕ್ತಿಯೂ ಕೂಡಿತ್ತು. ತೆಗೆದ ಚಿತ್ರವನ್ನು ಅಲ್ಲಿಂದಲೇ ಜಗತ್ತಿಗೆ ಕಳುಹಿಸಬಹುದಾಗಿತ್ತು. ಒಂದೇ ಕೆಲಸ ಬಲ್ಲವನನ್ನು ಹತ್ತು ಕೆಲಸ ಬಲ್ಲವನು ಹೊರದೂಡಿದನು. 2011ರ ಏಪ್ರಿಲ್ 12ರಂದು ಸಿಸ್ಕೊ ಫ್ಲಿಪ್ ಉದ್ಯಮವನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 550 ಮಂದಿ ಉದ್ಯೋಗ ಕಳೆದುಕೊಳ್ಳಬೇಕಾಯಿತು. ಮರುವರ್ಷ, ದಿವಾಳಿತನದ ರಕ್ಷಣೆಯನ್ನು ಕೋರಿದ್ದ ಕೊಡಾಕ್ ಸಂಸ್ಥೆಯೂ ತನ್ನ ಕಿಸೆಯ ವಿಡಿಯೊ ಕ್ಯಾಮೆರಾಗಳಿಗೆ ವಿದಾಯ ಹೇಳಿತು.

ಇದರಲ್ಲಿ ಶೋಕಿಸುವುದೇನಿದೆ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಕಿಸೆಯ ಕ್ಯಾಮೆರಾ ಸರಳವಾಗಿತ್ತು, ಸರ್ವರಿಗೂ ಎಟುಕುವಂತಿರಲಿಲ್ಲ. ಅದನ್ನು ಬಳಸಲು ಕಂಪ್ಯೂಟರೊಂದು ಬೇಕಾಗಿತ್ತು. ಇಂದು ಬಿಬವೇವಾಡಿಗೆ ಹತ್ತಿರದ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಕಾರ್ಮಿಕನೂ ತನ್ನ ಮಗುವಿನ ಮೊದಲ ಹೆಜ್ಜೆಯನ್ನು ದೂರವಾಣಿಯಲ್ಲಿ ಸೆರೆಹಿಡಿದು ಕ್ಷಣಾರ್ಧದಲ್ಲಿ ಊರಿಗೆ ಕಳುಹಿಸಬಲ್ಲನು. ಈ ಸೌಭಾಗ್ಯವನ್ನು ಯಾವ ಫ್ಲಿಪ್ ಕ್ಯಾಮೆರಾವೂ ಅವನಿಗೆ ಒದಗಿಸಿರಲಿಲ್ಲ. ಆದುದರಿಂದ ಯಂತ್ರದ ಮರಣಕ್ಕಾಗಿ ಕಣ್ಣೀರಿಡುವುದು ಅನಾವಶ್ಯಕ.

ಆದರೂ ಯಂತ್ರದೊಂದಿಗೆ ಒಂದು ಅಭ್ಯಾಸವೂ ಸತ್ತಿತೆಂಬುದನ್ನು ಒಪ್ಪಲೇಬೇಕು. ಒಂದು ಗಂಟೆಯ ಮಿತಿಯಿದ್ದಾಗ ಏನನ್ನು ತೆಗೆಯಬೇಕು, ಏನನ್ನು ಬಿಡಬೇಕೆಂಬ ವಿವೇಚನೆ ಇರುತ್ತಿತ್ತು. ಹಿರಿಯರನ್ನು ಕೂರಿಸಿ, ‘ಅಜ್ಜಿ, ಹೇಳು’ ಎಂದು ಕೇಳುವ ಸಂದರ್ಭವೇ ಒಂದು ಸಮಾರಂಭವಾಗುತ್ತಿತ್ತು. ಇಂದಿನ ದೂರವಾಣಿಯಲ್ಲಿ ಸಾವಿರಾರು ತುಣುಕುಗಳಿರುತ್ತವೆ: ಮುಂಜಾನೆಯ ಶುಭಾಶಯದ ಹೂವು, ಯಾರೋ ಕಳುಹಿಸಿದ ಹಾಸ್ಯ, ಪದಾರ್ಥಗಳ ಬಿಲ್ಲಿನ ಚಿತ್ರ, ಇವೆಲ್ಲದರ ಅಡಿಯಲ್ಲಿ ಎಲ್ಲಿಯೋ ತಂದೆಯ ಎಂಟು ಸೆಕೆಂಡುಗಳ ನಗು. ಫೋನು ತುಂಬಿತೆಂದು ಅವಸರದಲ್ಲಿ ಅಳಿಸುವಾಗ ಹೂವಿನೊಡನೆ ನಗುವೂ ಹೋಗುತ್ತದೆ. ಕೊರತೆಯಿಂದ ನಷ್ಟವಾಗುವುದು ಲೋಕಕ್ಕೆ ಗೊತ್ತು, ಸಮೃದ್ಧಿಯಿಂದಲೂ ನಷ್ಟವಾಗುವುದುಂಟು.

ಆರೋಗ್ಯದ ದೃಷ್ಟಿಯಿಂದಲೂ ಈ ವಿಷಯ ವಿಚಾರಾರ್ಹವಾಗಿದೆ. ಮುದುಕರು ಹಳೆಯದನ್ನು ಮತ್ತೆ ಮತ್ತೆ ಹೇಳುವುದು ಬುದ್ಧಿ ಮಂಕಾದುದರ ಲಕ್ಷಣವೆಂದು ಹಿಂದೆ ಭಾವಿಸಲಾಗುತ್ತಿತ್ತು. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಈ ಅಭಿಪ್ರಾಯವನ್ನು ಪ್ರಶ್ನಿಸಿದರು. ಬಾಳಿನ ಕೊನೆಯ ಘಟ್ಟದಲ್ಲಿ ಮನುಷ್ಯನು ತನ್ನ ಜೀವನವನ್ನು ತಾನೇ ಪರಾಮರ್ಶಿಸಿಕೊಳ್ಳುವ ಸಹಜ ಪ್ರಕ್ರಿಯೆ ಅದೆಂದು ಅವರು ಪ್ರತಿಪಾದಿಸಿದರು. ಮರೆವಿನ ರೋಗಕ್ಕೆ ತುತ್ತಾದವರಿಗೆ ಹಳೆಯ ಚಿತ್ರ, ಹಾಡು, ವಸ್ತುಗಳನ್ನು ತೋರಿಸಿ ಮಾತನಾಡಿಸುವ ಕ್ರಮ ಮುಂದೆ ಹಲವು ದೇಶಗಳಲ್ಲಿ ಬಳಕೆಗೆ ಬಂದಿತು. ಅದು ರೋಗವನ್ನು ಗುಣಪಡಿಸದು. ಅದರ ಫಲ ಎಲ್ಲರಲ್ಲೂ ಒಂದೇ ಸಮನಾಗಿಯೂ ಇರದು. ಆದರೆ ಸುತ್ತಲೂ ಮರಾಠಿ, ಹಿಂದಿ, ಇಂಗ್ಲಿಷುಗಳೇ ಕೇಳಿಬರುವ ಬಡಾವಣೆಯಲ್ಲಿ, ಮೊಮ್ಮಕ್ಕಳಿಗೆ ತನ್ನ ನುಡಿ ಅರೆಬರೆ ಅರ್ಥವಾಗುವ ಮನೆಯಲ್ಲಿ, ಒಬ್ಬ ವೃದ್ಧೆಗೆ ತನ್ನ ಅಕ್ಕನ ದನಿಯಲ್ಲಿ ತನ್ನೂರಿನ ಕನ್ನಡವನ್ನು ಅರ್ಧ ಗಂಟೆ ಕೇಳಿಸುವುದು ಎಂತಹ ಸಮಾಧಾನವೆಂಬುದನ್ನು ತಿಳಿಯಲು ವೈದ್ಯಶಾಸ್ತ್ರದ ಪದವಿ ಬೇಕಾಗಿಲ್ಲ. ಹಿತ್ತಲ ಗಿಡವೂ ಕೆಲವೊಮ್ಮೆ ಮದ್ದೇ.

ಉಳಿಸದಿದ್ದರೆ ಏನಾಗುತ್ತದೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದುದು ಇದೇ ಮಹಾರಾಷ್ಟ್ರದ ಕೊಲ್ಹಾಪುರದ ಸ್ಟುಡಿಯೊದಲ್ಲಿ. ತೆರೆ ಕಂಡುದು 1934ರ ಮಾರ್ಚ್ 3ರಂದು. ಇಂದು ಅದರ ಪ್ರತಿ ಉಳಿದಿಲ್ಲ. ಆ ಕಾಲದ ಎಷ್ಟೋ ಚಿತ್ರಗಳ ಸುರುಳಿಗಳು ಬೆಂಕಿಗೆ ಆಹುತಿಯಾದವು. ಎಷ್ಟನ್ನೋ ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಲಾಯಿತು. ಇಂತಹ ನಷ್ಟವನ್ನು ತಡೆಯಲೆಂದು ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಪುಣೆಯಲ್ಲಿಯೇ ಸ್ಥಾಪಿತವಾಯಿತು. ಅದನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು ಊರೂರು ಅಲೆದು ಸುರುಳಿಗಳನ್ನು ಕೂಡಿಹಾಕಿದರು. ದೇಶದ ಚಿತ್ರಗಳ ರಕ್ಷಣೆಗೆ ಸರ್ಕಾರವಿದೆ, ಸಂಸ್ಥೆಯಿದೆ. ಮನೆಯ ಚಿತ್ರಗಳಿಗೆ ಮನೆಯವರನ್ನುಳಿದು ಮತ್ತಾವ ನಾಯರರೂ ಇಲ್ಲ.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಮೊದಲು ಕ್ಯಾಮೆರಾದಿಂದ ಹಳೆಯ ಸೆಲ್ಲುಗಳನ್ನು ತೆಗೆಯತಕ್ಕದ್ದು. ಅವು ಸೋರಿ ಲೋಹವನ್ನು ತಿನ್ನುತ್ತವೆ. ಒಳಗೇ ಬ್ಯಾಟರಿಯಿರುವ ಮಾದರಿಯಾದರೆ ಅದು ಉಬ್ಬಿದೆಯೇ ಎಂದು ನೋಡಬೇಕು. ಉಬ್ಬಿದ್ದರೆ ಒತ್ತಲೂ ಬಾರದು, ವಿದ್ಯುತ್ತಿಗೆ ಜೋಡಿಸಲೂ ಬಾರದು, ಬಲ್ಲ ದುರಸ್ತಿಗಾರನಿಗೆ ಒಪ್ಪಿಸಬೇಕು. ಸುಸ್ಥಿತಿಯಲ್ಲಿರುವ ಕ್ಯಾಮೆರಾದ ಯುಎಸ್‌ಬಿ ತೋಳನ್ನು ಕಂಪ್ಯೂಟರಿಗೆ ಜೋಡಿಸಿದರೆ ಅದು ಸಾಮಾನ್ಯ ಪೆನ್‌ಡ್ರೈವಿನಂತೆಯೇ ತೋರುತ್ತದೆ. ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ನಡೆಯದಿದ್ದರೂ ಚಿಂತೆಯಿಲ್ಲ. ಚಿತ್ರಗಳಿರುವ ಕಡತಗಳನ್ನು ನೇರವಾಗಿ ಪ್ರತಿ ಮಾಡಿಕೊಳ್ಳಬಹುದು. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಪ್ರತಿಯಿಟ್ಟು, ಒಂದನ್ನು ಇನ್ನೊಂದು ಮನೆಯಲ್ಲಿಡುವುದು ಲೇಸು. ಕೆಲಸ ಮುಗಿದ ಯಂತ್ರವನ್ನು ಕಸದ ಬುಟ್ಟಿಗೆ ಎಸೆಯದೆ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಚಿತ್ರದಲ್ಲಿರುವವರು ಯಾರು, ಯಾವ ಊರಿನವರು, ಯಾವ ಹಬ್ಬದ ದಿನವದು ಎಂಬುದನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಅವರನ್ನು ಕೂರಿಸಿಕೊಂಡು, ನೋಡುತ್ತ ನೋಡುತ್ತ ಕನ್ನಡದಲ್ಲಿ ಬರೆದಿಡಬೇಕು. ಹೆಸರಿಲ್ಲದ ಮುಖ ಮೂರನೆಯ ತಲೆಮಾರಿಗೆ ಅಪರಿಚಿತನ ಮುಖವೇ ಸರಿ. ಕನ್ನಡ ಸಂಘಗಳು ವರ್ಷಕ್ಕೊಂದು ಆರೋಗ್ಯ ತಪಾಸಣೆಯ ಶಿಬಿರವನ್ನು ನಡೆಸುವಂತೆ ಇಂತಹದೊಂದು ಭಾನುವಾರವನ್ನೂ ಇಟ್ಟುಕೊಳ್ಳಬಹುದು. ಕಂಪ್ಯೂಟರು ಬಲ್ಲ ನಾಲ್ವರು ತರುಣರು, ನಾಲ್ಕು ಮೇಜುಗಳು, ಒಂದಿಷ್ಟು ಚಹಾ ಇದ್ದರೆ ಸಾಕು. ಅಂದು ತರುಣರ ಕಿವಿಗೆ ಬೀಳುವ ಕನ್ನಡವು ಯಾವ ಭಾಷಣಸ್ಪರ್ಧೆಯಲ್ಲಿಯೂ ಕೇಳಸಿಗದಂತಹುದು.

ಕಿಸೆಯ ಕ್ಯಾಮೆರಾ ತನ್ನ ಪಾಲಿನ ಕೆಲಸವನ್ನು ಮಾಡಿ ಮುಗಿಸಿತು. ಕೆಂಪು ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಎದುರಿಗಿದ್ದ ಬದುಕನ್ನು ಹಿಡಿದು, ಕಪಾಟಿನ ಕತ್ತಲೆಯಲ್ಲಿ ಇಷ್ಟು ವರ್ಷ ಕಾಯ್ದುಕೊಂಡು ಕುಳಿತಿದೆ. ಅದರ ಸ್ಮೃತಿಕೋಶವೂ ಚಿರಂಜೀವಿಯಲ್ಲ. ಬರುವ ದೀಪಾವಳಿಗೆ ಮನೆಯನ್ನು ಗುಡಿಸಿ ಸಾರಿಸುವಾಗ ಆ ಕಪಾಟಿನ ಬಾಗಿಲನ್ನೂ ಒಮ್ಮೆ ತೆರೆದರೆ, ಬೀಸುವ ಕಲ್ಲಿಲ್ಲದ ಮನೆಯಲ್ಲಿ ಬೀಸುವ ಪದವಾದರೂ ಉಳಿದೀತು.